ಬಿಳಿ ಹಾಳೆ, ಕರಿ ಚೀಟಿ

ಇದನ್ನು ಬರೆಯಬೇಕೆಂದು ಹೋದ ದೀಪಾವಳಿಯಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ಕನ್ನಡಕ ಸರಿಯಿಲ್ಲ ಅಂದೆ. ಹೊಸ ಕನ್ನಡಕ ಬಂತು. ಆಮೇಲೆ ಬಿಸಿಲು ಅಂದೆ. ಬಿಸಿಲು ಹೋಗಿ ಮಳೆ ಬಂದಾಗ ಮಳೆ ಅಂದೆ. ಈಗ ಹೇಳಲು ಯಾವ ನೆಪವೂ ಉಳಿದಿಲ್ಲ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ವಾಡಿ ಸ್ಟೇಷನ್ನಿನ ಎದುರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಸ್‌ಟಿಡಿ, ಝೆರಾಕ್ಸ್, ಫ್ಯಾಕ್ಸ್ ಅಂಗಡಿ ನಡೆಸಿದೆ. ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಿಗಳು, ಸೇಡಂನ ತೊಗರಿ ಅಡತಿಯವರು, ಕಾರ್ಖಾನೆಗಳ ಗುತ್ತಿಗೆದಾರರು ಎಲ್ಲರೂ ನನ್ನ ಬೆಂಚಿನ ಮೇಲೆ ಕುಳಿತು ಹೋದವರೇ. ಫ್ಯಾಕ್ಸ್ ಹೋದ ಮೇಲೆ ಯಂತ್ರ ಒಂದು ಸಣ್ಣ ಚೀಟಿ ಉಗುಳುತ್ತಿತ್ತು. ಅದರಲ್ಲಿ ನಂಬರು, ಹೊತ್ತು, ಕೊನೆಗೆ ಓಕೆ ಎಂಬ ಎರಡು ಅಕ್ಷರ. ಜನ ಆ ಚೀಟಿಯನ್ನು ಗುಡಿಯ ಅಂಗಾರದ ಹಾಗೆ ಹಣೆಗೆ ಒತ್ತಿಕೊಂಡು ಜೇಬಿಗಿಡುತ್ತಿದ್ದರು. ಕಾಗದ ಹೋಯಿತು ಎಂಬುದಕ್ಕೆ ಅದೇ ಸಾಕ್ಷಿ. ಹಾಳೆಯ ಯಾವ ಮುಖ ಹೋಯಿತು ಎಂಬುದನ್ನು ಆ ಚೀಟಿ ಹೇಳುವುದಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ನನ್ನ ತಮ್ಮ ಸೇಡಂ ಕಡೆಯ ಒಂದು ಕಾರ್ಖಾನೆಯಲ್ಲಿದ್ದ. ಕೆಲಸದ ಮೇಲೆಯೇ ತೀರಿಕೊಂಡ. ಅವನ ಹೆಂಡತಿ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯವಳು, ಪಿಯುಸಿ ಓದಿದವಳು. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಕೆಲವು ತಿಂಗಳಾದ ಮೇಲೆ ಕಂಪನಿಯ ಮುಖ್ಯ ಕಚೇರಿಯಿಂದ ಕಾಗದ ಬಂತು. ಗಂಡನ ಬದಲಿಗೆ ಅವಳಿಗೆ ಕಚೇರಿಯಲ್ಲಿ ಕೆಲಸ ಕೊಡುತ್ತೇವೆ, ಒಪ್ಪಿಗೆಯನ್ನು ಇಂಥ ದಿನದೊಳಗೆ ಫ್ಯಾಕ್ಸ್ ಮಾಡಿ ತಿಳಿಸಬೇಕು ಎಂದು ಅದರಲ್ಲಿತ್ತು. ಕಾಗದ ಅಂಚೆಯಲ್ಲಿ ಎಲ್ಲೋ ತಿರುಗಿ ಬಂದಿತ್ತು. ಗಡುವಿಗೆ ಉಳಿದದ್ದು ಎರಡು ದಿನ.

ಒಪ್ಪಿಗೆ ಪತ್ರವನ್ನು ನಾನೇ ಬರೆದೆ. ಅವಳು ಅಂಗಡಿಗೆ ಬಂದು ಓದಿ, ಮಡಚಿ, ಪಕ್ಕಕ್ಕಿಟ್ಟಳು.

"ಭಾವಾ, ಇದು ಬ್ಯಾಡ್ರಿ. ನಾನೇ ಬರೀತೀನಿ."

ಬೆಂಚಿನ ಮೇಲಿದ್ದ ಕಲ್ಲಿನ ವ್ಯಾಪಾರಿ ನಕ್ಕ. "ನಿಮ್ಮ ಮನಿ ಹೆಣ್ಮಗಳು ನಿಮಗಿಂತ ಹುಷಾರ್ ಅದಾಳ್ರಿ. ಕುರ್ಚಿ ಅಕಿಗೇ ಬಿಡ್ರಿ, ನೀವು ಪ್ಲಾಟ್‌ಫಾರ್ಮಿನಾಗ ಚಾ ಮಾರ್ರಿ."

ನಾನೂ ನಕ್ಕೆ. ಆದರೆ ಆ ಮಾತನ್ನು ಮರೆಯಲಿಲ್ಲ.

ಅವಳು ಬರೆದ ಪತ್ರವನ್ನು ಯಂತ್ರಕ್ಕೆ ಕೊಟ್ಟೆ. ಯಂತ್ರ ಬದಲಾಯಿಸಿ ಒಂದು ವಾರವಾಗಿತ್ತು. ಹಳೆಯದಕ್ಕೆ ಬರಹದ ಮುಖ ಕೆಳಗೆ ಮಾಡಿ ಇಡಬೇಕಿತ್ತು, ಹೊಸದಕ್ಕೆ ಮೇಲೆ. ನನ್ನ ಕೈ ಹಳೆಯ ರೂಢಿಯಲ್ಲೇ ಹಾಕಿತು. ಇದು ತಪ್ಪು, ಪಾಪವಲ್ಲ. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಓಕೆ ಚೀಟಿ ಬಂತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಪತ್ರದ್ದೊಂದು ಝೆರಾಕ್ಸ್ ತೆಗೆದಿಡಿ ಎಂದು ಹೇಳಿ ಮನೆಗೆ ಹೋದಳು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. ಮುಖ್ಯ ಕಚೇರಿಯ ಗುಮಾಸ್ತ, ಹಿಂದಿಯಲ್ಲಿ ಮಾತಾಡಿದ. ನಿಮ್ಮಿಂದ ಬಂದ ಹಾಳೆ ಪೂರ್ತಿ ಖಾಲಿ ಇದೆ, ಉಲ್ಟಾ ಹಾಕಿದಂತಿದೆ, ಇವತ್ತೇ ಕೊನೆಯ ದಿನ, ಐದು ಗಂಟೆಯೊಳಗೆ ಮತ್ತೊಮ್ಮೆ ಕಳಿಸಿ ಎಂದ. ಒಳ್ಳೆಯ ಮನುಷ್ಯ. ಗುರುತಿಲ್ಲದ ಹೆಣ್ಣುಮಗಳಿಗಾಗಿ ದೂರದ ಊರಿನಿಂದ ಫೋನ್ ಮಾಡಿದ್ದ. "ಆಯ್ತು ಸಾಬ್" ಅಂದೆ. ಫೋನಿಟ್ಟೆ.

ಪತ್ರ ಅಲ್ಲೇ, ಝೆರಾಕ್ಸ್ ಗಾಜಿನ ಮೇಲಿತ್ತು. ಅರ್ಧ ನಿಮಿಷದ ಕೆಲಸ. ನಾನು ಅದನ್ನು ತೆಗೆದುಕೊಂಡು ಉಲ್ಟಾ ಮಾಡಿ, ಮೇಜಿನ ಮೇಲೆ ಇಟ್ಟುಕೊಂಡೆ. ಐದು ಗಂಟೆ ಹೊಡೆಯುವವರೆಗೂ ನೋಡುತ್ತ ಕುಳಿತೆ. ಮುಂದೆ ಒಂದು ವಾರ ಆ ಖಾಲಿ ಮುಖದ ಮೇಲೆ ಗಿರಾಕಿಗಳ ಫೋನ್ ನಂಬರ್ ಬರೆದುಕೊಂಡೆ.

ನನ್ನ ಹೆಂಡತಿ ಅಂದು ಸಂಜೆ ಕೇಳಿದಳು: "ಹೋತೇನ್ರಿ ಅಕಿ ಕಾಗದ?"

"ಹೋತು."

ಅವಳಿಗೆ ಓದು ಬರುತ್ತಿರಲಿಲ್ಲ. ನನ್ನ ಮಾತೇ ಅವಳಿಗೆ ಓಕೆ ಚೀಟಿ. ಮರುದಿನವೇ ಪೇಟೆಗೆ ಹೋಗಿ ಹಸಿರು ಬಟ್ಟೆ ತಂದು, ತಂಗಿ ನೌಕರಿಗೆ ಹೋಗುವ ಮೊದಲ ದಿನ ತೊಡಲೆಂದು ಕುಪ್ಪಸ ಹೊಲಿಯಲು ಕುಳಿತಳು. ವಾರಗಿತ್ತಿಯರು ಅವರಿಬ್ಬರು, ಆದರೆ ತಂಗಿ ಎಂದೇ ಕರೆಯುತ್ತಿದ್ದಳು.

ತಿಂಗಳಾದ ಮೇಲೆ ತಮ್ಮನ ಹೆಂಡತಿ ಚೀಟಿ ಹಿಡಿದು ಅಂಗಡಿಗೆ ಬಂದಳು. "ಭಾವಾ, ಇದರ ಅಕ್ಷರ ಮಾಸಾಕತ್ತಾವ. ಲ್ಯಾಮಿನೇಷನ್ ಮಾಡಿಕೊಡ್ರಿ, ಗಟ್ಟಿ ಉಳೀತದ."

ಆ ಕಾಗದದ ಮೇಲೆ ಅಕ್ಷರ ಮೂಡುವುದೇ ಕಾವಿನಿಂದ. ಲ್ಯಾಮಿನೇಷನ್ನಿನ ಬಿಸಿ ರೋಲರಿಗೆ ಕೊಟ್ಟರೆ ಇಡೀ ಚೀಟಿ ಕಪ್ಪಾಗುತ್ತದೆ. ಫ್ಯಾಕ್ಸ್ ಇಟ್ಟ ಯಾವನಿಗೂ ಇದು ಗೊತ್ತು. ಮಾಡಬೇಕಾದದ್ದು ಒಂದು ಝೆರಾಕ್ಸ್. ಆ ಯಂತ್ರ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ನಾನು ಚೀಟಿಯನ್ನು ಪ್ಲಾಸ್ಟಿಕ್ಕಿನ ನಡುವೆ ನೀಟಾಗಿ ಇಟ್ಟು ರೋಲರಿಗೆ ಕೊಟ್ಟೆ. ಆಚೆ ಕಡೆಯಿಂದ ರೊಟ್ಟಿ ಹಂಚಿನಂತೆ ಕಪ್ಪಾಗಿ ಬಂತು.

"ಅಯ್ಯೋ, ಇದೇನ್ರಿ ಭಾವಾ!"

"ನೀನೇ ಅಲ್ಲೇನು ಮಾಡ್ರಿ ಅಂದಾಕಿ? ಕಲ್ತಾಕಿ ನೀನು, ನಿನಗ ತಿಳೀಬೇಕಿತ್ತು."

ಅವಳು ಅದನ್ನು ಎಸೆಯಲಿಲ್ಲ. ಅದೇ ಕರಿ ಚೀಟಿ ಹಿಡಿದು ಕಾರ್ಖಾನೆಯ ಗೇಟಿಗೆ ಹೋದಳು. ಗೇಟಿನವನು ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಯಾರ ಎಕ್ಸ್‌ರೇ ಅದವ್ವಾ, ಒಂದು ಎಲುಬೂ ಕಾಣವಲ್ದು?" ಅಂದನಂತೆ. ಅದನ್ನು ಅವಳು ಮನೆಗೆ ಬಂದು ಅಳುತ್ತ ಹೇಳಿದಳು. ನಾನು ಅದನ್ನು ಅಂಗಡಿಯಲ್ಲಿ ನಗುತ್ತ ಹೇಳಿದೆ.

ಅಂಚೆಯವನು ಓಣಿಗೆ ಬಂದಾಗಲೆಲ್ಲ ಅವಳು ಬಾಗಿಲಿಗೆ ಬರುತ್ತಿದ್ದಳು. ಅವಳ ಊರು ಆಂಧ್ರದ ಗಡಿ, ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ನಾನು ಅವಳ ದನಿಯನ್ನೇ ಅಣಕಿಸಿ, "ಇಂಕಾ ರಾಲೇದಾ, ಬಾಯಿಸಾಹೇಬ್ರ ಆರ್ಡರು?" ಎಂದು ಕೇಳುತ್ತಿದ್ದೆ. ಇನ್ನೂ ಬರಲಿಲ್ಲವೇ ಎಂದು. ನನ್ನ ಹೆಂಡತಿ ಒಳಗಿನಿಂದ ಬೈಯುತ್ತಿದ್ದಳು: "ಬಾಯಿಗೆ ಹುಳ ಬೀಳ್ತಾವ ನೋಡ್ರಿ ನಿಮಗ." ಕೊನೆಗೆ ಒಂದು ಸಾಲಿನ ಕಾಗದ ಬಂತು. ಒಪ್ಪಿಗೆ ಗಡುವಿನೊಳಗೆ ತಲುಪಿಲ್ಲ, ಆ ಜಾಗ ಬೇರೆಯವರಿಗೆ ಹೋಗಿದೆ. ಕಂಪನಿಯವರು ಮೋಸ ಮಾಡಿದರೆಂದು ಅವಳು ನಂಬಿದಳು. ನಾನು ಹೌದು ಅಂದೆ.

ಆಮೇಲೆ ಶಹಾಬಾದಿನ ಪಾಲಿಶ್ ಕಾರ್ಖಾನೆಯೊಂದರಲ್ಲಿ ಫರಸಿ ಒಟ್ಟುವ ಕೆಲಸಕ್ಕೆ ಸೇರಿದಳು. ಪಿಯುಸಿ ಓದಿದ ಕೈ. ಕಲ್ಲಿನ ಕೆಸರು ಬೆರಳ ಸಂದಿಯಲ್ಲಿ ಒಣಗಿ ಬಿಳಿ ಬಿರುಕು ಬಿಡುತ್ತಿತ್ತು. ಸಂಜೆ ಬಂದು ಅದೇ ಕೈಯಲ್ಲಿ ನಮ್ಮ ಮನೆಯ ರೊಟ್ಟಿ ಬಡಿಯುತ್ತಿದ್ದಳು. ಹಸಿರು ಕುಪ್ಪಸ ಟ್ರಂಕಿನಲ್ಲೇ ಉಳಿಯಿತು.

ಹದಿನೇಳು ವರ್ಷ ಅದೇ ಕೆಲಸ ಮಾಡಿ ಮಗಳನ್ನು ನರ್ಸಿಂಗ್ ಓದಿಸಿದಳು. ಹುಡುಗಿಗೆ ಚಿತ್ತಾಪುರದಲ್ಲಿ ಕೆಲಸವಾಯಿತು. ತಾಯಿ ಮಗಳು ಅಲ್ಲಿಗೆ ಹೋದರು. ಐದು ವರ್ಷದ ಹಿಂದೆ ನನ್ನ ಹೆಂಡತಿ ಹಾಸಿಗೆ ಹಿಡಿದಾಗ ತಮ್ಮನ ಹೆಂಡತಿಯೇ ವಾಡಿಗೆ ಬಂದು ಆರು ತಿಂಗಳು ಅವಳನ್ನು ತೊಳೆದಳು, ಬಳಿದಳು, ಉಣಿಸಿದಳು. ಕೊನೆಯ ಗುಟುಕು ನೀರು ಬಿಟ್ಟವಳೂ ಅವಳೇ. ನಾನು ಹೊರಗೆ ಪೇಪರ್ ಓದುತ್ತಿದ್ದೆ.

ಹೋದ ವರ್ಷ ಹುಡುಗಿ ನನ್ನಲ್ಲಿಗೆ ಬಂದಳು. "ದೊಡ್ಡಪ್ಪಾ, ಫ್ಯಾಕ್ಸ್ ಅನ್ನೋದು ಇನ್ನೂ ಅದೇನು?"

"ಸತ್ತು ಮಣ್ಣಾಗ್ಯಾದ. ನನ್ನ ಮಷೀನ್ ಮ್ಯಾಲ ತೊಗರಿಬ್ಯಾಳಿ ಡಬ್ಬಿ ಕುಂತಾದ ನೋಡು. ಫೋನಿನ ತಂತಿನೇ ಇಲ್ಲ."

"ಅಪ್ಪನ ಕಂಪನಿಗೆ ಎಷ್ಟು ಮೇಲ್ ಹಾಕಿದ್ರೂ ಯಾರೂ ನೋಡವಲ್ಲರು. ಲೆಟರ್‌ಹೆಡ್ಡಿನಾಗ ಇನ್ನೂ ಫ್ಯಾಕ್ಸ್ ನಂಬರ್ ಅದ. ಅವ್ವನ ನೌಕ್ರಿ ಯಾಕ ಹೋತಂತ ಒಮ್ಮೆ ಗೊತ್ತಾಗಬೇಕು ದೊಡ್ಡಪ್ಪಾ. ನೌಕ್ರಿ ಬ್ಯಾಡ, ಏನೂ ಬ್ಯಾಡ. ಅವ್ವ ಇಷ್ಟು ವರ್ಷ ತನ್ನ ಕರಿ ಚೀಟಿ ನೋಡ್ಕೋತ ಕುಂತಾಳ."

ಫೋನಿನಿಂದಲೇ ಫ್ಯಾಕ್ಸ್ ಕಳಿಸುವ ಆ್ಯಪ್ ಒಂದನ್ನು ಹುಡುಕಿ ಇಳಿಸಿಕೊಂಡಳು. ನನ್ನ ಮೇಜಿನ ಮೇಲೆ ತನ್ನ ಪತ್ರ ಹರಡಿ ಫೋಟೋ ಹೊಡೆದಳು. ಕರಿ ಚೀಟಿಯದೂ ಹೊಡೆದಳು. ಪತ್ರ ಪರದೆಯ ಮೇಲೆ ಅಕ್ಷರ ಅಕ್ಷರ ಕಾಣುತ್ತಿತ್ತು.

"ಉಲ್ಟಾ ಹೋದ್ರ?" ನನ್ನ ಬಾಯಿಯಿಂದ ತಾನಾಗಿ ಬಂತು.

ಹುಡುಗಿ ನಕ್ಕಳು. "ಏನ್ ಹೋಗ್ತದ ಅಂತ ಇಲ್ಲೇ ಕಾಣ್ತದಲ್ಲ. ಖಾಲಿ ಹಾಳಿ ಫೋಟೋ ಯಾರ್ ಹೊಡೀತಾರ ದೊಡ್ಡಪ್ಪಾ?"

ತಂತಿಯಿಲ್ಲ, ಕಾಗದ ಒಳಗೆ ಎಳೆದುಕೊಳ್ಳುವ ಶಬ್ದವಿಲ್ಲ. ಒಂದು ಬೆರಳು ತಾಗಿಸಿದಳು, ಹೋಯಿತು. ಆ ಕಡೆಯೂ ಯಂತ್ರ ಇರಲಿಕ್ಕಿಲ್ಲ, ಯಾವುದೋ ಕಂಪ್ಯೂಟರಿನಲ್ಲಿ ಹೋಗಿ ಬಿದ್ದಿರಬೇಕು. ಫ್ಯಾಕ್ಸ್ ಹಳೆಯದಾಯಿತೇ ಎಂದು ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: ಯಂತ್ರ ಹೋಯಿತು, ನಂಬರು ಲೆಟರ್‌ಹೆಡ್ಡುಗಳಲ್ಲಿ ಉಳಿದಿದೆ, ಕಳಿಸಿದ್ದು ಫೈಲಿನಲ್ಲಿ ಉಳಿಯುತ್ತದೆ. ಕಳಿಸಿದವನು ಸಿಕ್ಕಿಬೀಳುವುದನ್ನೇ ಕಾಯುತ್ತ ಉಳಿಯುತ್ತದೆ.

ಎಂಟು ದಿನಕ್ಕೆ ಉತ್ತರ ಬಂತು. ಹುಡುಗಿ ಫೋನ್ ಹಿಡಿದು ಮತ್ತೆ ಬಂದಳು. ಕಂಪನಿಯ ಯಾರೋ ಪುಣ್ಯಾತ್ಮ ಹಳೆಯ ಫೈಲ್ ತೆಗೆಸಿ, ಅದರಲ್ಲಿದ್ದ ಒಂದು ಹಾಳೆಯ ಚಿತ್ರ ಕಳಿಸಿದ್ದ. ಇಡೀ ಹಾಳೆ ಬಿಳಿ. ನೆತ್ತಿಯ ಮೇಲೆ ಮಾತ್ರ ಒಂದು ಸಣ್ಣ ಸಾಲು: ನನ್ನ ಅಂಗಡಿಯ ಹೆಸರು, ನಂಬರು. ಕೆಳಗೆ ಪೆನ್ನಿನಲ್ಲಿ ಗುಮಾಸ್ತ ಬರೆದಿದ್ದ. ಹುಡುಗಿ ಅದನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದಳು: ಬಂದ ಹಾಳೆ ಖಾಲಿ. ಮಧ್ಯಾಹ್ನ ಮೂರಕ್ಕೆ ಅಂಗಡಿಗೆ ಫೋನ್ ಮಾಡಿ ಮತ್ತೆ ಕಳಿಸಲು ತಿಳಿಸಿದೆ. ಒಪ್ಪಿದರು. ಬರಲಿಲ್ಲ.

"ದೊಡ್ಡಪ್ಪಾ, ಫೋನ್ ಬಂದಿತ್ತೇನು?"

ಅವಳ ಕಣ್ಣು ಅವಳ ತಾಯಿಯ ಕಣ್ಣೇ. ನಾನು ಹೇಳಿದೆ: "ಮಧ್ಯಾಹ್ನ ನಾನು ಊಟಕ್ಕ ಹೋಗ್ತಿದ್ದೆ. ಅಂಗಡ್ಯಾಗ ನಿಮ್ಮ ದೊಡ್ಡವ್ವ ಕುಂದರ್ತಿದ್ದಳು."

ಹುಡುಗಿ ತಾನೇ ದೊಡ್ಡವ್ವನಿಗೆ ದಾರಿ ಮಾಡಿಕೊಟ್ಟಳು. "ಅಕಿಗೆ ಹಿಂದಿ ಎಲ್ಲಿ ಬರ್ತಿತ್ತು ಪಾಪ. ತಿಳದಿರಲಿಕ್ಕಿಲ್ಲ."

ಅಲ್ಲಿಗೆ ಬಿಡಬಹುದಿತ್ತು. ಆದರೆ ಅವಳು ಇನ್ನೂ ಪರದೆ ನೋಡುತ್ತಿದ್ದಳು. ಒಪ್ಪಿದರು ಎಂಬ ಮಾತಿನ ಮೇಲೆ ಅವಳ ಬೆರಳಿತ್ತು. ಇನ್ನೊಂದು ಪ್ರಶ್ನೆ ಬಂದರೆ ನಾನು ಸಿಕ್ಕಿಬೀಳುತ್ತಿದ್ದೆ.

"ತಿಳದಿತ್ತು" ಅಂದೆ. "ನಿಮ್ಮವ್ವ ನೌಕ್ರಿಗೆ ಹೋದ್ರ ಮನಿ ಕೆಲಸ ಯಾರ್ ಮಾಡ್ತಾರ ಅಂತ ಅಂದಿದ್ದಳು. ನಾನು ಇಷ್ಟು ದಿನ ಹೊಟ್ಟ್ಯಾಗ ಇಟ್ಕೊಂಡಿದ್ದೆ."

ಹುಡುಗಿ ಚಹಾ ಕುಡಿಯದೆ ಎದ್ದು ಹೋದಳು.

ಪ್ರತಿ ವರ್ಷ ನನ್ನ ಹೆಂಡತಿಯ ತಿಥಿಗೆ ತಮ್ಮನ ಹೆಂಡತಿ ಚಿತ್ತಾಪುರದಿಂದ ಹುರಕ್ಕಿ ಹೋಳಿಗೆ ಮಾಡಿಕೊಂಡು ಬರುತ್ತಿದ್ದಳು, ಅಕ್ಕನಿಗೆ ಇಷ್ಟವೆಂದು. ಈ ವರ್ಷ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಎಡೆಗೆ ಇಡಲು ನನ್ನಲ್ಲಿ ಏನೂ ಇರಲಿಲ್ಲ. ಓಣಿಯ ಅಂಗಡಿಯಿಂದ ಬಿಸ್ಕತ್ತು ತಂದು ಇಟ್ಟೆ. ಆ ಬಿಸ್ಕತ್ತನ್ನು ನೋಡಿದಾಗ ನಾನು ಏನು ಮಾಡಿದ್ದೇನೆಂದು ಮೊದಲ ಸಲ ತಿಳಿಯಿತು.

ನಾಲ್ಕು ದಿನ ಬಿಟ್ಟು ಚಿತ್ತಾಪುರಕ್ಕೆ ಹೋದೆ. ಅವಳು ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಗೋಡೆಯ ಮೇಲೆ ತಮ್ಮನ ಫೋಟೋ ಇತ್ತು. ಅದರ ಪಕ್ಕದಲ್ಲಿ ಇರುತ್ತಿದ್ದ ನನ್ನ ಹೆಂಡತಿಯ ಫೋಟೋ ಇರಲಿಲ್ಲ. ಮೊಳೆಯೊಂದೇ ಇತ್ತು.

ಕುಂದ್ರಿ ಎಂದು ಅವಳು ಹೇಳಲಿಲ್ಲ. ನಿಂತೇ ಎಲ್ಲ ಹೇಳಿದೆ. ಫೋನ್ ಎತ್ತಿದ್ದು ನಾನು, ಒಪ್ಪಿದ್ದು ನಾನು, ಪತ್ರ ಉಲ್ಟಾ ಇಟ್ಟುಕೊಂಡು ಕುಳಿತದ್ದು ನಾನು, ಚೀಟಿ ಸುಟ್ಟದ್ದೂ ಗೊತ್ತಿದ್ದೇ. ಕೈ ಮುಗಿದೆ. ತಪ್ಪಾಯ್ತವ್ವಾ ಅಂದೆ.

ಅವಳು ಮೊರದಿಂದ ಹರಳು ಆರಿಸುತ್ತಲೇ ಇದ್ದಳು. "ನೌಕ್ರಿ ನಂದು, ಹೋತು. ಅದು ನನಗ ತಡಕೊಳ್ಳಾಕ ಬಂತು" ಅಂದಳು. "ಅಕ್ಕ ಸಾಯೋ ಮುಂದ ನನ್ನ ಕೈ ಹಿಡದು, ನಿನಗ ನಾವು ಏನೂ ಮಾಡ್ಲಿಲ್ಲ ತಂಗೀ, ಅಂತ ಅತ್ತಿದ್ದಳು. ಈ ವರ್ಷಪೂರ್ತಿ ನಾನು ಆ ಅಳು ಸುಳ್ಳು ಅಂದ್ಕೊಂಡೀನಿ ಭಾವಾ. ಅಕಿನ್ನ ತೊಳದ ಕೈಗೆ ಅಸಹ್ಯ ಪಟ್ಕೊಂಡೀನಿ. ಫೋಟೋ ಸುಟ್ಟೀನಿ."

ಮೊರ ಕೆಳಗಿಟ್ಟು ತಲೆ ಎತ್ತಿದಳು. "ನನ್ನ ಮುಂದ ಯಾಕ ಕೈ ಮುಗೀತೀರಿ? ಅಕಿ ಮುಂದ ಮುಗೀರಿ, ಹೋಗ್ರಿ."

ವಾಡಿಗೆ ಬಂದು ಮೂರು ದಿನದಲ್ಲಿ ಇದನ್ನು ಬರೆದಿದ್ದೇನೆ. ಒಂದೊಂದೇ ಹಾಳೆಯನ್ನು ಫೋನಿನಲ್ಲಿ ಫೋಟೋ ಹೊಡೆದು ಹುಡುಗಿಗೆ ಕಳಿಸುತ್ತೇನೆ. ಬರಹದ ಮುಖ ಮೇಲಿದೆಯೇ ಎಂದು ಪ್ರತಿ ಸಲ ಪರದೆಯಲ್ಲಿ ನೋಡಿಕೊಳ್ಳುತ್ತೇನೆ. ಅವಳು ಓದಬಹುದು, ಅವಳ ತಾಯಿ ಓದಬಹುದು, ನಮ್ಮ ಜನರೆಲ್ಲ ಓದಬಹುದು. ಆದರೆ ಯಾರ ಹೆಸರಿಗೆ ಮಸಿ ಬಳಿದೆನೋ ಅವಳಿಗೆ ಬದುಕಿದ್ದಾಗಲೂ ಓದು ಬರುತ್ತಿರಲಿಲ್ಲ. ನನ್ನ ಮಾತೊಂದನ್ನೇ ನಂಬಿ ಹಸಿರು ಕುಪ್ಪಸ ಹೊಲಿದವಳು. ಅಂಗಡಿಯಲ್ಲಿ ಒಂದು ಮಧ್ಯಾಹ್ನವೂ ಕೂರದವಳು. ಕ್ಷಮೆ ಕೇಳದೇ ಉಳಿದದ್ದು ಅವಳೊಬ್ಬಳನ್ನೇ, ನನ್ನ ಹೆಂಡತಿಯನ್ನು.