ಎರಡು ಜೊತೆ ವೈಪರ್

ಗಂಡಸಿಯ ತೆಂಗಿನಕಾಯಿ ವ್ಯಾಪಾರಿ ಜಯದೇವಪ್ಪನಿಗೆ ತಲೆ ಕೆಟ್ಟಿದೆ ಎಂದು ಊರು ತೀರ್ಮಾನಿಸಿದ್ದು ಒಂದು ಸೋಮವಾರ. ಆವತ್ತು ಅವನು ಊರಾಚೆಯ ಹುಣಸೆಮರದ ಕೆಳಗೆ ಪಿಕಪ್ ಗಾಡಿ ನಿಲ್ಲಿಸಿ, ಮುಂಗಾಜಿನ ಎರಡೂ ವೈಪರ್‌ಗಳನ್ನು ಬುಡದಿಂದ ಬಿಚ್ಚಿದ. ಸೀಟಿನ ಹಿಂದೆ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಅಂಥವೇ ಎರಡನ್ನು ತೆಗೆದು ಹಾಕಿಕೊಂಡು ಹೋದ. ಮಳೆಯಿಲ್ಲ, ಮೋಡವೂ ಇಲ್ಲ. ಮುಂದಿನ ಸೋಮವಾರವೂ ಅದೇ ಕೆಲಸ. ಅಲ್ಲೇ ಕುರಿ ಮೇಯಿಸುತ್ತಿದ್ದ ತಿಮ್ಮಯ್ಯ ಎರಡು ವಾರ ತಡೆದುಕೊಂಡ, ಮೂರನೆಯ ವಾರ ಕೇಳಿಯೇಬಿಟ್ಟ.

"ಏನ್ ಜಯದೇವಪ್ನೋರೆ, ಗಾಡಿಗೆ ಬಟ್ಟೆ ಬದಲಾಯಿಸ್ತಿದ್ದೀರಾ?"

"ಹೂ. ಮಡಿ," ಎಂದ ಜಯದೇವಪ್ಪ. ಅದರಲ್ಲಿ ಅರ್ಧ ನಿಜವಿತ್ತು.

ಹಿಂದಿನ ವರ್ಷದವರೆಗೂ ಅವನ ಮನೆಯಲ್ಲಿ ಒಂದು ಜೊತೆ ಎತ್ತಿದ್ದವು. ಸೋಮವಾರ ಅವುಗಳಿಗೆ ಬಿಡುವು. ಅವನ ಹೆಂಡತಿ ಗುರುಸಿದ್ದಮ್ಮ ಅವುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೊಂಬಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಎತ್ತು ಮಾರಿ ಸೆಕೆಂಡ್ ಹ್ಯಾಂಡ್ ಪಿಕಪ್ ತಂದ ಮೇಲೆ ಬಿಡುವು ನಿಂತಿತು, ಪೂಜೆ ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಗಾಡಿಯ ಮುಖ ತೊಳೆದು ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆಯುವಳು. ಕೊಂಬಿನ ಎಣ್ಣೆ ಎಲ್ಲಿಗೆ ಹೋಯಿತು ಎಂದು ಜಯದೇವಪ್ಪ ಯೋಚಿಸಿದವನಲ್ಲ. ಆ ಹೊತ್ತಿಗೆ ಅವನು ಒಳಗೆ ಲಿಂಗಪೂಜೆಗೆ ಕೂತಿರುತ್ತಿದ್ದ.

ಪೂಜೆ ಮುಗಿಸಿ ಇಬ್ಬರೂ ಹೊರಡುತ್ತಿದ್ದರು. ಭಾನುವಾರದ ಜನಕ್ಕೆ ಹಳೇಬೀಡಿನ ಅಂಗಡಿಗಳಲ್ಲಿ ಕಾಯಿ ಖಾಲಿಯಾಗಿರುತ್ತಿತ್ತು. ಅವನು ಅಲ್ಲಿ ಕಾಯಿ ಇಳಿಸುವಷ್ಟರಲ್ಲಿ ಅವಳು ಪಕ್ಕದ ಬಸ್ತಿಹಳ್ಳಿಯಲ್ಲಿ ಅಕ್ಕ ಅನುಸೂಯಮ್ಮನನ್ನು ನೋಡಿಕೊಂಡು ಬರುವಳು. ದಾರಿಯುದ್ದಕ್ಕೂ ಅವಳ ಮಾತು, ಇವನ ಹೂಂಗುಟ್ಟುವಿಕೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ಗಂಡಹೆಂಡಿರಿಗೆ ಪಕ್ಕಪಕ್ಕ ಕೂರಲು ಎರಡು ಗಂಟೆ ಸಿಕ್ಕಿತ್ತು. ವಾರದಲ್ಲಿ ಜಯದೇವಪ್ಪ ಎದುರುನೋಡುತ್ತಿದ್ದುದು ಅದೊಂದನ್ನೇ. ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ಗಾಡಿ ತಂದ ವರ್ಷದ ಶ್ರಾವಣದಲ್ಲಿ, ಹಳೇಬೀಡಿನ ಹತ್ತಿರ, ಜೋರು ಮಳೆ ಹಿಡಿಯಿತು. ವೈಪರ್ ಹಾಕಿದೊಡನೆ ಗಾಜಿನ ತುಂಬ ಮಂಜು. ಏನೂ ಕಾಣದೆ ಬ್ರೇಕ್ ಒತ್ತಿದ. ಗಾಡಿ ಕೆರೆ ಏರಿಯ ಅಂಚುಗಲ್ಲಿಗೆ ತಾಗಿ ನಿಂತಿತು. ಕಲ್ಲಿನಾಚೆ ನೀರು. ಗುರುಸಿದ್ದಮ್ಮ ಬಾಗಿಲು ತೆಗೆದು ಇಳಿದಳು.

"ನಿಮ್ ಕಣ್ಣು ಹೋಗೈತೆ ಕಣ್ರೀ. ನಾನಿನ್ನು ಇದ್ರಲ್ಲಿ ಕೂರಕಿಲ್ಲ."

ಅಂದಿನಿಂದ ಅವಳು ಎರಡು ಬಸ್ಸು ಹತ್ತಿಳಿದು ಬಸ್ತಿಹಳ್ಳಿಗೆ ಹೋಗತೊಡಗಿದಳು. ಗಾಡಿಯ ಪೂಜೆ ಮಾತ್ರ ಬಿಡಲಿಲ್ಲ. ಗಂಡನಿಗೆ ಏನೂ ಆಗದಿರಲಿ ಎಂದು ಇನ್ನಷ್ಟು ಹೊತ್ತು ಮಾಡಿದಳು.

ಜಯದೇವಪ್ಪ ಡಾಕ್ಟರಿಗೆ ಕಣ್ಣು ತೋರಿಸಿದ. ಕಣ್ಣು ಸರಿಯಾಗಿತ್ತು. ಉಳಿದ ಮಳೆಗಾಲವೆಲ್ಲ ಹನಿ ಬಿದ್ದರೆ ಗಾಡಿ ಬದಿಗೆ ನಿಲ್ಲಿಸಿ ಕಾದ. ಮರುವರ್ಷ ಯುಗಾದಿಯಾದ ಮೇಲೆ ಬಿದ್ದ ಮೊದಲ ಮಳೆಗೆ ಗಾಜು ಮತ್ತೆ ಮಂಜಾಯಿತು. ಗಾಡಿಯನ್ನು ಅರಸೀಕೆರೆಯ ಮೆಕ್ಯಾನಿಕ್ ಶಶಿಕಿರಣ್ ಹತ್ತಿರ ಒಯ್ದ. ಶಶಿಕಿರಣ್ ವೈಪರ್ ರಬ್ಬರಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದ.

"ಯಜಮಾನ್ರೇ, ಇದು ಕೊಬ್ಬರಿ ಎಣ್ಣೆ. ಗಾಡಿಗೆ ತಲೆ ಬಾಚ್ತೀರಾ?"

ಜಯದೇವಪ್ಪ ನಗಲಿಲ್ಲ. ಅವನಿಗೆ ಎತ್ತಿನ ಕೊಂಬು, ಅದಕ್ಕೆ ಎಣ್ಣೆ ಸವರುವ ಹೆಂಡತಿಯ ಕೈ ನೆನಪಾಯಿತು.

ಮನೆಗೆ ಹೋಗಿ ಹೇಳಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿ ಎಂಥವಳೆಂದು ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಅವಳು ಹಾಕಿದ ಹಿಂಡಿ ತಿಂದು ಕರು ಹೊಟ್ಟೆಯುಬ್ಬರಿಸಿ ಸತ್ತಾಗ, ಎರಡು ವರ್ಷ ಕೊಟ್ಟಿಗೆಗೆ ಕಾಲಿಟ್ಟಿರಲಿಲ್ಲ. ಗಂಡನನ್ನು ಕೆರೆಯ ಅಂಚಿಗೆ ಒಯ್ದದ್ದು ತನ್ನದೇ ಕೈ ಎಂದು ತಿಳಿದರೆ, ಗಾಡಿಯಿರಲಿ, ಅದರ ನೆರಳನ್ನೂ ತುಳಿಯಲಾರಳು. ಅವಳಿಗೆ ನೋವಾಗದೆ ಎಡಗಡೆಯ ಸೀಟು ತುಂಬಬೇಕಿತ್ತು.

"ಒರೆಸಿದ್ರೆ ಹೋಗಲ್ಲ, ರಬ್ಬರು ಎಣ್ಣೆ ಕುಡಿದೈತೆ. ಪಟ್ಟಿ ತುಕ್ಕು ಹಿಡಿದು ವೈಪರ್ ಕೈಗೇ ಕಚ್ಕೊಂಡೈತೆ, ಕೈಸಮೇತ ಬದಲಾಯ್ಸಬೇಕು," ಎಂದ ಶಶಿಕಿರಣ್. ಜಯದೇವಪ್ಪ ಹೊಸ ಜೊತೆ ಕೊಂಡ, ಹಳೆಯದನ್ನೂ ಕೇಳಿ ಪಡೆದ. ಹಳೆಯದು ಪೂಜೆಗೆ, ಹೊಸದು ಮಳೆಗೆ. ಭಾನುವಾರ ಸಂಜೆ ಹೊಸದು ಬಿಚ್ಚಿ ಹಳೆಯದು ಹಾಕುವುದು. ಸೋಮವಾರ ಅವಳು ಎಣ್ಣೆ ಹಚ್ಚಿದ ಮೇಲೆ ಊರಾಚೆ ಹೋಗಿ ಹಳೆಯದು ಬಿಚ್ಚಿ ಹೊಸದು ಹಾಕುವುದು. ಬಿಚ್ಚುವುದನ್ನು ಶಶಿಕಿರಣನೇ ಹೇಳಿಕೊಟ್ಟ.

"ಮೊದ್ಲು ವೈಪರ್ ಓಡ್ಸಿ, ಸ್ವಿಚ್ ಆಫ್ ಮಾಡಿ, ಅವೇ ಕೆಳಗೆ ಬಂದು ಮಲಗ್ತವೆ. ರಬ್ಬರು ಮಲಗಿದ್ ಕಡೆ ಗಾಜಿಗೆ ಟೇಪ್ ಅಂಟ್ಸಿ. ಬುಡದ ಮುಚ್ಚಳ ಎತ್ತಿ ನಟ್ಟು ಬಿಚ್ಚಿ. ಎಳೀಬೇಡಿ. ಹಾಲುಹಲ್ಲು ಅಲ್ಲಾಡ್ಸಿದಂಗೆ ಅತ್ಲಾಗೆ ಇತ್ಲಾಗೆ ಅಲ್ಲಾಡ್ಸಿ, ತಾನೇ ಬತ್ತೈತೆ. ಹಾಕೋವಾಗ ಟೇಪಿನ ಗೆರೆಗೇ ಮಲಗ್ಸಿ."

ಮೊದಲ ಸೋಮವಾರ ಜಯದೇವಪ್ಪ ವೈಪರ್ ಮಲಗುವ ಮುಂಚೆಯೇ ಕೀ ತಿರುಗಿಸಿ ಗಾಡಿ ಆಫ್ ಮಾಡಿದ್ದ. ಹೊಸದು ಹಾಕಿ ಸ್ವಿಚ್ ಒತ್ತಿದರೆ ಎರಡೂ ಗಾಜು ಬಿಟ್ಟು ಬಾನೆಟ್ಟು ಒರೆಸಿದವು. ಎರಡನೆಯ ವಾರಕ್ಕೆ ಕೈ ಪಳಗಿತು. ಅವಳು ಮಾತ್ರ ಜಪ್ಪಯ್ಯ ಅಂದರೂ ಗಾಡಿ ಹತ್ತಲಿಲ್ಲ.

"ಹೊಸ ವೈಪರ್ ಹಾಕ್ಸಿದೀನಿ, ಬಾರೇ," ಎಂದರೆ, "ಕಣ್ಣು ಹಳೇದೇ ತಾನೆ," ಎಂದು ಬಸ್ಸಿಗೆ ಹೋಗುವಳು. ಎಣ್ಣೆಯ ಮಿರುಗಿಗೆ ಹಳೆಯದೂ ಅವಳಿಗೆ ಹೊಸದರಂತೆಯೇ ಕಾಣುತ್ತಿತ್ತು.

ಹೀಗೆ ಒಂಬತ್ತು ಸೋಮವಾರ ಕಳೆದವು. ಹತ್ತನೆಯ ಸೋಮವಾರ ಬಸ್ತಿಹಳ್ಳಿಯಲ್ಲಿ ಅನುಸೂಯಮ್ಮನ ಮೊಮ್ಮಗಳ ನಾಮಕರಣ. ಗುರುಸಿದ್ದಮ್ಮ ಗಾಡಿಯ ಪೂಜೆ ಮುಗಿಸಿ, ರೇಷ್ಮೆ ಸೀರೆಯುಟ್ಟು ಬಸ್ ಸ್ಟ್ಯಾಂಡಿಗೆ ಹೋದಳು. ಬಸ್ಸು ಬರಲಿಲ್ಲ. ಜಯದೇವಪ್ಪ ಹೊರಡುವ ಹೊತ್ತಿಗೆ ವಾಪಸು ಬಂದು ಎಡಗಡೆಯ ಬಾಗಿಲು ತೆಗೆದು ಕೂತಳು.

"ನಿಧಾನಕ್ಕೆ ಹೊಡೀರಿ," ಎಂದಳು, ಅಷ್ಟೇ.

ಜಯದೇವಪ್ಪನ ಎದೆ ಹಿಗ್ಗಿತು. ಆಮೇಲೆ ಗಾಜು ನೋಡಿದ. ಹಳೇ ವೈಪರ್‌ಗಳು ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿದ್ದವು. ಮೇಲೆ ಆಕಾಶ ಕಪ್ಪಿಟ್ಟಿತ್ತು.

ಹುಣಸೆಮರ ಕಾಣುವ ಹೊತ್ತಿಗೆ ಹನಿ ಬಿತ್ತು. ವೈಪರ್ ಹಾಕಿದರೆ ಮತ್ತೆ ಮಂಜು, ಅವಳು ಜನ್ಮದಲ್ಲಿ ಇನ್ನು ಹತ್ತಲಾರಳು. ನಿಲ್ಲಿಸಿ ಬದಲಾಯಿಸಿದರೆ ಅವಳಿಗೆ ಎಲ್ಲ ಗೊತ್ತಾಗುತ್ತದೆ. ಜಯದೇವಪ್ಪ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದ.

"ಎರಡು ನಿಮಿಷ ಕಣೇ."

ನೆನೆಯುತ್ತಾ ನಟ್ಟು ಬಿಚ್ಚಿದ. ಗುರುಸಿದ್ದಮ್ಮ ಒಳಗಿನಿಂದ, ತಿಮ್ಮಯ್ಯ ಗೋಣಿಚೀಲ ಹೊದ್ದು ಹೊರಗಿನಿಂದ, ಒಂದೇ ಸಮನೆ ನೋಡಿದರು. ಟೇಪಿನ ಗೆರೆಗೆ ಸರಿಯಾಗಿ ಹೊಸದನ್ನು ಮಲಗಿಸಿ, ಹಳೆಯದನ್ನು ಪಂಚೆಯಲ್ಲಿ ಸುತ್ತಿ ಸೀಟಿನ ಮಧ್ಯೆ ಇಟ್ಟು ಹೊರಟ. ಮಳೆ ಧೋ ಎಂದು ಸುರಿಯಿತು. ಗಾಜು ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛವಾಗಿತ್ತು, ಎದುರು ಬರುವ ಲಾರಿಯ ನಂಬರ್ ಕೂಡ ಓದಬಹುದಿತ್ತು. ಅರಸೀಕೆರೆ ದಾಟಿತು. ಅವಳು ಪಂಚೆಯ ಗಂಟು ಬಿಚ್ಚಿ, ರಬ್ಬರಿನ ಮೇಲೆ ಬೆರಳೆಳೆದು ಮೂಸಿದಳು.

"ಇದು ನಾನೇ ಹಚ್ಚಿದ್ದಲ್ವಾ?"

"ಹೂ."

"ಆವತ್ತು ಕೆರೆ ಏರಿ ಮ್ಯಾಲೂ?"

ಜಯದೇವಪ್ಪ ಗೇರು ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ.

"ಎಷ್ಟ್ ದಿನದಿಂದ ಹಿಂಗೆ ಬಿಚ್ಚಿ ಹಾಕ್ತಿದ್ದೀರಿ?"

"ಹತ್ತು ಸೋಮವಾರ ಆಯ್ತು."

"ಬಾಯ್ಬಿಟ್ಟು ಹೇಳಕ್ಕೇನಾಗಿತ್ತು ನಿಮ್ಗೆ?"

"ಹೇಳಿದ್ರೆ ನೀನು ಈ ಸೀಟಿಗೆ ಬತ್ತಿರ್ನಿಲ್ಲ. ನೀನಿಲ್ದೆ ದಾರಿ ಸಾಗಾಕಿಲ್ಲ ನಂಗೆ."

ಗುರುಸಿದ್ದಮ್ಮ ರೇಷ್ಮೆ ಸೀರೆಯ ಸೆರಗಲ್ಲೇ ಕಣ್ಣೊರೆಸಿಕೊಳ್ಳುತ್ತಾ ಜಾವಗಲ್‌ವರೆಗೆ ಅತ್ತಳು. ಜಯದೇವಪ್ಪನಿಗೂ ಅಳು ಬಂದಿತ್ತು. ಈಗ ತಾನೇ ಗಾಜು ಸರಿಯಾಗಿದೆ, ಕಣ್ಣು ಮಂಜು ಮಾಡಿಕೊಳ್ಳುವುದು ಬೇಡ ಎಂದು ತಡೆದುಕೊಂಡ.

ಮುಂದಿನ ಸೋಮವಾರ ಅವನಿಗೆ ಲಿಂಗಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಬೇಗ ಮುಗಿಸಿ ಬಾಗಿಲಿಗೆ ಬಂದು ನಿಂತ. ಅವಳು ಗಾಡಿಯ ಹತ್ತಿರ ಬಂದಿದ್ದಳು. ಮುಖ ತೊಳೆದಳು, ವಿಭೂತಿ ಎಳೆದಳು, ಅಭ್ಯಾಸಬಲದಿಂದ ಅಂಗೈಗೆ ಎಣ್ಣೆ ಸುರಿದುಕೊಂಡಳು. ವೈಪರ್ ಮುಂದೆ ಕೈ ನಿಂತಿತು. ಅಂಗೈಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಬಾಗಿಲ ಬಳಿ ಬಂದಳು.

"ಬಗ್ರಿ," ಎಂದಳು.

ಅವನು ಬಗ್ಗಿದ. ಅಷ್ಟೂ ಎಣ್ಣೆಯನ್ನು ನೆತ್ತಿಗೆ ತಟ್ಟಿ ತಿಕ್ಕಿದಳು. ಅಲ್ಲಿ ಕೂದಲು ಹೋಗಿ ಹತ್ತು ವರ್ಷವಾಗಿತ್ತು. ಅವನು ಅದನ್ನು ನೆನಪಿಸಲಿಲ್ಲ. ಕೈ ಒರೆಸಿಕೊಂಡು ಅವಳು ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತಳು.