ಹುಚ್ಚಕ್ಕ ನಂಬಿದ್ದ ಒಬ್ಬನೇ ಒಬ್ಬ

ಕಂದಿಕೆರೆಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಹುಚ್ಚಕ್ಕನ ಅಂಗಡಿ. ಶೀಟು ಹೊದಿಸಿದ ಒಂದೇ ಕೋಣೆ. ಬೇಳೆ, ಬೆಲ್ಲ, ಸೋಪು, ಬೀಡಿ ಅಷ್ಟೇ ವ್ಯಾಪಾರ. ಗಂಡ ಆಂಜನಪ್ಪ ತೋಟತೋಟ ತಿರುಗಿ ತೆಂಗಿನಕಾಯಿ ಸುಲಿಯುತ್ತಿದ್ದ.

ಅವಳ ಅನುಮಾನ ಊರಿಗೆಲ್ಲ ಗೊತ್ತಿದ್ದದ್ದೇ. ಫೋನಿನಲ್ಲಿ ದುಡ್ಡು ಬಂತೆಂದು ಅಂಗಡಿಯಲ್ಲಿಟ್ಟಿದ್ದ ಸ್ಪೀಕರ್ ಡಬ್ಬಿ ಕೂಗಿ ಹೇಳಿದರೂ ಗಿರಾಕಿಯ ಫೋನು ಇಸಿದುಕೊಂಡು ನೋಡುವಳು. "ಡಬ್ಬಿಗೇನು, ಯಾರು ಹೇಳ್ಕೊಟ್ರೂ ಕೂಗ್ತದೆ" ಎನ್ನುವಳು.

ಒಂದು ದಿನ ಹಿಂದಿನ ಬೀದಿಯ ಟೈಲರ್ ಶಿಲ್ಪ ಬಂದಳು. ಐದು ಜನ ಹೆಂಗಸರು ಗುಂಪು ಕಟ್ಟಿಕೊಂಡರೆ ತಲಾ ನಲವತ್ತು ಸಾವಿರ ಸಾಲ, ವಾರವಾರ ಕಂತು, ಒಬ್ಬರು ಕಟ್ಟದಿದ್ದರೆ ಮಿಕ್ಕವರು ತುಂಬಬೇಕು ಎಂದು ವಿವರಿಸಿದಳು.

"ಏನೂ ಅಡ ಇಲ್ದೆ ಯಾವನೇ ದುಡ್ಡು ಕೊಡ್ತಾನೆ? ನಿಂಗೆಷ್ಟು ಸಿಗ್ತದೆ ಇದ್ರಲ್ಲಿ?"

"ನಂಗೇನ್ ಸಿಗ್ತದಕ್ಕ? ನಾಕ್ ಜನ ಆಗಿದೀವಿ. ಐದ್ನೇವ್ರು ಇಲ್ದಿದ್ರೆ ಯಾರ್ಗೂ ಕೊಡಲ್ವಂತೆ."

ಮಾರನೆಯ ದಿನ ಹುಚ್ಚಕ್ಕ ಹತ್ತಿರದ ಪೇಟೆ ಚಿಕ್ಕನಾಯಕನಹಳ್ಳಿಗೆ ಹೋಗಿ, ಸಾಲ ಕೊಡುವವರ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಅರ್ಧ ದಿನ ಕೂತಳು. ಒಳಗೆ ಹೋದವರು ಎಂಥ ಮುಖ ಹೊತ್ತು ಹೊರಗೆ ಬರುತ್ತಾರೆ ಎಂದು ನೋಡಿದಳು. ಊರಿಗೆ ಬಂದವಳು ಗುಂಪಿಗೆ ಆಗಲೇ ಸೇರಿದ್ದ, ಹಾಲು ಮಾರಿ ಕಂತು ಕಟ್ಟುತ್ತೇನೆಂದಿದ್ದ ಕೆಂಪಕ್ಕನ ಹಟ್ಟಿಗೂ ಹೋಗಿ, ಅಲ್ಲಿ ಕಟ್ಟಿದ್ದ ಹಸು ಅವಳದೇ ಹೌದೋ ಅಲ್ಲವೋ ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿದಳು. ಅವಳದೇ. ಆದರೂ ಮನಸ್ಸು ಒಪ್ಪಲಿಲ್ಲ.

ಹುಚ್ಚಕ್ಕ ಕಣ್ಣು ಮುಚ್ಚಿ ನಂಬಿದ್ದವನು ಒಬ್ಬನೇ, ಚಿಕ್ಕನಾಯಕನಹಳ್ಳಿಯ ಹೋಲ್‌ಸೇಲ್ ಅಂಗಡಿ ಏಕಾಂತಯ್ಯ. ಒಂಬತ್ತು ವರ್ಷದಿಂದ ಸಾಮಾನು ಉದ್ರಿ ಕೊಡುತ್ತಿದ್ದ, ಒಂದು ದಿನವೂ ಗದರಿದವನಲ್ಲ. ಆ ವಾರ ಸಾಮಾನಿಗೆ ಹೋದಾಗ ಗುಂಪಿನ ವಿಷಯವನ್ನು ಅವನ ಕಿವಿಗೆ ಹಾಕಿದಳು. ಎರಡೇ ದಿನಕ್ಕೆ ಏಕಾಂತಯ್ಯ ಬೈಕು ಹತ್ತಿ ಕಂದಿಕೆರೆಗೇ ಬಂದುಬಿಟ್ಟ.

"ಆ ಸಾಲ ಉರುಳು ಕಣಮ್ಮ ಹುಚ್ಚಕ್ಕ. ನಾನಿಲ್ವಾ? ಎಷ್ಟು ಬೇಕಾದ್ರೂ ಸಾಮಾನು ತಗಂಡು ಹೋಗು."

ಅವನು ಹೋದ ಮೇಲೆ ಅವಳ ಕೈಗೆ ಕೆಲಸ ಹತ್ತಲಿಲ್ಲ. ರಾತ್ರಿ ಊಟಕ್ಕೆ ಕೂತ ಗಂಡನಿಗೆ ಹೇಳಿದಳು: "ಒಂಬತ್ತು ವರ್ಷದಾಗೆ ಒಂದ್ಸಲಾನೂ ಈ ಕಡೆ ತಲೆ ಹಾಕ್ದೇ ಇದ್ದೋನು, ನಾನು ಸಾಲ ತಗಂತೀನಿ ಅಂದ್ರೆ ಓಡ್ಬತ್ತಾನೆ. ಯಾಕೆ?"

"ನಿನ್ ಮೇಲೆ ಕನಿಕರ ಇರ್ಬೇಕು ಬುಡು" ಅಂದ ಆಂಜನಪ್ಪ.

"ವ್ಯಾಪಾರದೋರ ಕನಿಕರ ಪೆಟ್ರೋಲ್ ಸುಟ್ಕಂಡ್ ಬರಲ್ಲ."

ಮರುದಿನವೇ ಶಿಲ್ಪಳ ಮನೆಗೆ ಹೋಗಿ ಐದನೆಯವಳಾದಳು.

ಸಾಲ ಬಂದ ದಿನ ಸೀದಾ ಏಕಾಂತಯ್ಯನ ಬೀದಿಯಲ್ಲೇ ಇದ್ದ ಕಲ್ಲೇಶನ ಅಂಗಡಿಗೆ ಹೋಗಿ ಬೇಳೆಯ ರೇಟು ಕೇಳಿದಳು. ತಾನು ಕೊಡುತ್ತಿದ್ದುದಕ್ಕಿಂತ ಕೇಜಿಗೆ ಹನ್ನೊಂದು ರೂಪಾಯಿ ಕಡಿಮೆ. ಹಳೇ ಬೇಳೆ ಇರಬೇಕೆಂದು ಒಂದು ಕಾಳು ಕಚ್ಚಿ ನೋಡಿದಳು. ಹೊಸದೇ.

"ಕೈಲಿ ದುಡ್ಡು ಹಿಡ್ಕಂಡ್ ಬಂದೋರಿಗೆ ಈ ರೇಟಮ್ಮ. ಉದ್ರಿ ಅಂದ್ರೆ ಬ್ಯಾರೆ" ಅಂದ ಕಲ್ಲೇಶ.

ಅಲ್ಲಿಂದ ಏಕಾಂತಯ್ಯನ ಅಂಗಡಿಗೆ ನಡೆದಳು. ಹಳೇ ಬಾಕಿಯನ್ನೆಲ್ಲ ಗಲ್ಲಾದ ಮೇಲಿಟ್ಟು, "ಕೈಲಿ ದುಡ್ಡಿದ್ರೆ ಬೇಳೆ ಕೇಜಿಗೆ ಹನ್ನೊಂದು ರೂಪಾಯಿ ಕಮ್ಮಿಯಂತೆ, ನಂಗ್ಯಾಕೆ ಈ ರೇಟು ಹೇಳ್ಲಿಲ್ಲ ಸಾವ್ಕಾರ್ರೇ?" ಎಂದಳು.

ಏಕಾಂತಯ್ಯ ನಗುನಗುತ್ತಲೇ ಅಂದ: "ನೀನು ಕೇಳೇ ಇಲ್ವಲ್ಲಮ್ಮ."

ಊರಿನವರನ್ನೆಲ್ಲ ಅನುಮಾನಿಸಿದವಳು ಈ ಒಂದು ಕಡೆ ಬಾಯಿ ಬಿಟ್ಟು ಕೇಳಿರಲಿಲ್ಲ. ಹೋದ ದುಡ್ಡಿಗಿಂತ ಅದೇ ಹೆಚ್ಚು ಚುಚ್ಚಿತು. ಬಾಕಿ ತೀರಿತೆಂದು ಅವನ ಕೈಲೇ ಬರೆಸಿ, ಸೈನು ಹಾಕಿಸಿಕೊಂಡು ಬಂದಳು.

ಕಲ್ಲೇಶನ ರೇಟಿಗೆ ತಂದದ್ದರಿಂದ ಪೇಟೆಯ ರೇಟಿಗೇ ಮಾರಲು ಸಾಧ್ಯವಾಯಿತು. ಪೇಟೆಯಿಂದ ಚೀಲ ಹೊತ್ತು ತರುತ್ತಿದ್ದವರು ಬಸ್ಸಿಳಿದು ಇವಳಲ್ಲೇ ಕೊಳ್ಳತೊಡಗಿದರು. ವರ್ಷ ತುಂಬುವಷ್ಟರಲ್ಲಿ ಫ್ರಿಜ್ಜು ಬಂತು, ಹಾಲು ಮೊಸರು ಬಂತು. ಆಂಜನಪ್ಪ ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಕೂರತೊಡಗಿದ. ಒಂದು ವಾರವೂ ಕಂತು ತಪ್ಪಲಿಲ್ಲ. ಆದರೂ ಪ್ರತಿ ಸಲ ಮಿಕ್ಕ ನಾಲ್ವರೂ ಕಟ್ಟುವುದನ್ನು ಕಣ್ಣಾರೆ ಕಂಡ ಮೇಲೇ ಅವಳು ಎದ್ದು ಹೋಗುತ್ತಿದ್ದಳು.

ಸಾಲ ತೀರಿದ ವಾರ ಆಫೀಸಿನವನು ಬಂದು, ಈ ಸಲ ಎಂಬತ್ತು ಸಾವಿರ ಕೊಡುತ್ತೇವೆ ಎಂದ.

"ನಾನು ಕೇಳ್ದೇ ಇರೋ ದುಡ್ಡು ನೀವ್ಯಾಕಪ್ಪ ಕೊಡ್ತೀರಾ?"

ಅವನು ಏನೇನೋ ಹೇಳಿದ. ಪೂರ್ತಿ ಕೇಳಿಸಿಕೊಂಡ ಹುಚ್ಚಕ್ಕ, ಅಂಗಡಿಯ ಮುಂದೆ ನೆರಳಿಗೆ ಶೀಟು ಇಳಿಸಲು ಮೂವತ್ತು ಸಾವಿರ ಸಾಕೆಂದು ಅಷ್ಟಕ್ಕೇ ಬರೆಸಿದಳು.