ದೀಪಕ್ಕೆ ಹಿಡಿದ ನಿಬ್ಬು

ವಾರಿಜಕ್ಕನ ಕೈ ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು— ಕೈಯನ್ನಲ್ಲ, ನಿಬ್ಬನ್ನು. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು.

ತೊಂಬತ್ತರ ದಶಕ. ಯಜಮಾನರಿಗೆ ಬ್ಯಾಂಕಿನಿಂದ ಅಹಮದಾಬಾದಿಗೆ ವರ್ಗವಾಗಿ ಅಲ್ಲಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟೊಂದರಲ್ಲಿದ್ದೆವು. ಎದುರು ಮನೆ ವಾರಿಜಕ್ಕನದು. ಉಡುಪಿ ಕಡೆಯವರು, ಹೋಟೆಲಿನವರು. ಕನ್ನಡದವರ ಮನೆಯಲ್ಲಿ ಮದುವೆ ಎಂದರೆ ಲಕೋಟೆಗಳ ಮೇಲೆ ಹೆಸರು ಬರೆಯುವುದು ಅವರೇ. ಶಾಯಿಯಲ್ಲಿ ಅದ್ದಿ ಬರೆಯುವ ಚೂಪು ನಿಬ್ಬು. ಕೆಳಗೆಳೆಯುವಾಗ ಒತ್ತಿದರೆ ತುದಿಯ ಎರಡು ಎಸಳೂ ಬಿಚ್ಚಿಕೊಂಡು ಗೆರೆ ದಪ್ಪ, ಸಡಿಲಿಸಿದರೆ ಕೂಡಿಕೊಂಡು ಕೂದಲೆಳೆ. ಅಂಗಡಿಯಲ್ಲಿ ಒಂದೊಂದನ್ನೂ ಹೆಬ್ಬೆರಳಿನ ಉಗುರಿನ ಮೇಲೆ ಒತ್ತಿ, ಬಿಚ್ಚಿದ್ದು ಮತ್ತೆ ಕೂಡುತ್ತದೆಯೇ ಎಂದು ನೋಡಿ ಆರಿಸುತ್ತಿದ್ದರು. ಹಾಗೆ ಮನಸ್ಸಿಗೆ ಬಂದದ್ದು ಅವರ ಡಬ್ಬಿಯಲ್ಲಿ ಒಂದೇ ಒಂದಿತ್ತು, ಉಳಿದವೆಲ್ಲ ಬಿರುಸು. ಹೊಸ ನಿಬ್ಬಿನ ಎಣ್ಣೆಪಸೆ ಹೋಗಲೆಂದು ಬಾಯಲ್ಲಿಟ್ಟು ಒರೆಸುವರು. ನಾನು ಮುಖ ಸಿಂಡರಿಸಿದರೆ ಅವರಿಗೆ ನಗು.

“ಎಂಜಲು ಮಾಡದೆ ಇದು ಶಾಯಿ ಹಿಡಿಯುವುದಿಲ್ಲ ಮಾರಾಯ್ತಿ. ನಿನ್ನ ಮಡಿ ಇದಕ್ಕೆ ಗೊತ್ತುಂಟಾ?”

ಆ ವರ್ಷ ಮಗಳಿಗೆ ಟೈಫಾಯ್ಡ್. ಜ್ವರ ಇಳಿದರೆ ಚೆಂದದ ಅಕ್ಷರದಲ್ಲಿ ನೂರೆಂಟು ಸಲ ಶ್ರೀರಾಮ ಬರೆಯುತ್ತೇನೆಂದು ಹರಕೆ ಹೊತ್ತೆ. ಇಳಿಯಿತು. ಆಗ ವಾರಿಜಕ್ಕ, ತುಳಸಿಗೆ ನೀರು ಹಾಕೆಂದು ಕೀಲಿಕೈ ಕೊಟ್ಟು ಸೂರತ್ತಿನ ತಂಗಿಯ ಮನೆಗೆ ಹೋಗಿದ್ದರು. ಬಂದ ಮೇಲೆ ಕೇಳಿದ್ದರೆ ಖುಷಿಯಿಂದ ಕೊಡುತ್ತಿದ್ದರು— ಕಾಯಲಿಲ್ಲ. ಡಬ್ಬಿ ತೆರೆದು ಆ ನಿಬ್ಬನ್ನೇ ತಂದೆ. ಆದರೆ ಎಂಜಲಾದದ್ದರಲ್ಲಿ ದೇವರ ಹೆಸರೇ? ಬೆಂಕಿ ಸೋಕಿದರೆ ಶುದ್ಧವೆಂದು ದೇವರ ಮುಂದಿನ ದೀಪದ ಕುಡಿಗೆ ಹಿಡಿದೆ. ಒಂದು ಸ್ತೋತ್ರ ಮುಗಿಯುವ ತನಕ ಹಿಡಿದೇ ಇದ್ದೆ. ಕಪ್ಪು ಒರೆಸಿದರೆ ತುದಿ ನೀಲಿಗಟ್ಟಿತ್ತು. ಮೊದಲ ‘ಶ್ರೀ’ಗೆ ಒತ್ತಿದೆ— ಬಿಚ್ಚಿದ ಎಸಳು ಮತ್ತೆ ಕೂಡಲಿಲ್ಲ. ಬೆಂಕಿ ಅದರ ಬಿಗಿಯನ್ನೇ ತಿಂದಿತ್ತು. ಬೆರಳಿನಿಂದ ಅಮುಕಿ ಸೇರಿಸಿ, ಇದ್ದಲ್ಲೇ ಇಟ್ಟು ಬಂದೆ.

ವಾರದ ಮೇಲೆ ಅವರು ಯಾರದೋ ಮದುವೆಯ ಲಕೋಟೆಗಳನ್ನು ಹರಡಿ ಕೂತರು. ನಾನು ಪಕ್ಕದಲ್ಲೇ ಅಂಚೆಚೀಟಿ ಅಂಟಿಸುತ್ತಿದ್ದೆ. ತುದಿಯ ನೀಲಿಯನ್ನು ಶಾಯಿಯ ಕಲೆ ಎಂದುಕೊಂಡರೇನೋ. ಪಳಗಿದ ನಿಬ್ಬಲ್ಲವೇ, ಉಗುರಿನ ಮೇಲೆ ಒತ್ತಿ ನೋಡಲೂ ಇಲ್ಲ. ಮೊದಲ ಹೆಸರಿಗೇ ಶಾಯಿ ಕಾರಿತು. ಎರಡನೆಯದಕ್ಕೂ. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿಯುತ್ತದೆ ಎನ್ನುತ್ತಿದ್ದವರು, ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದರು.

“ಕೈ ಹೋಯ್ತು ಮಾರಾಯ್ತಿ. ಇನ್ನು ಇದು ಬರೆಯುವ ಕೈ ಅಲ್ಲ.”

“ಹಾಗನ್ನಬೇಡಿ ಅಕ್ಕ.” ನಾನು ಅಂದದ್ದು ಅಷ್ಟೇ. ಇನ್ನೊಂದು ಅಂಚೆಚೀಟಿ ಅಂಟಿಸಿದೆ.

ಲಕೋಟೆಗಳನ್ನು ವಾಪಸು ಕಳಿಸಿದರು. ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು, “ನೀನಾದರೂ ದೇವರ ಹೆಸರು ಬರಿ” ಎಂದರು. ಮತ್ತೆಂದೂ ಬರೆಯಲಿಲ್ಲ.

ಹರಕೆಯನ್ನು ಬಾಲ್‌ಪೆನ್ನಿನಲ್ಲಿ ತೀರಿಸಿದೆ. ಮಗಳು ಎದ್ದು ಕೂತದ್ದು, ಮೊದಲ ಬಟ್ಟಲು ಗಂಜಿ ಅವಳಿಗೆ ದಕ್ಕಿದ್ದು— ದೇವರ ಸಣ್ಣ ಸಣ್ಣ ದಯೆಗಳನ್ನು ದಿನಾ ಸಂಜೆ ಎಣಿಸುವ ಅಭ್ಯಾಸ ನನ್ನದು. ವಾರಿಜಕ್ಕ ನನ್ನನ್ನು ಅನುಮಾನಿಸಲಿಲ್ಲ ಎಂಬುದನ್ನೂ ಆಗ ಅದರಲ್ಲೇ ಸೇರಿಸಿ ಎಣಿಸಿದ್ದೆ. ಕೇಳಿಸಿಕೊಂಡ ದೇವರಿಗೆ ಏನನ್ನಿಸಿತೋ.

ಅವರೀಗ ವಡೋದರದ ಮಗಳ ಮನೆಯಲ್ಲಿದ್ದಾರೆ. ಕಣ್ಣು ಪೂರ್ತಿ ಮಂಜು, ಇದನ್ನು ಓದಲಾರರು. ಗುರುವಾರಕ್ಕೆ ರೈಲಿನ ಟಿಕೆಟ್ ತೆಗೆಸಿದ್ದೇನೆ. ಹೋಗಿ, ಆ ನಿಬ್ಬನ್ನು ಅವರ ಬೆರಳಿಗೆ ಕೊಟ್ಟು, ಉಗುರಿನ ಮೇಲೆ ಒತ್ತಿ ನೋಡಿ ಅಕ್ಕ, ಎನ್ನುತ್ತೇನೆ. ಬಿಚ್ಚುತ್ತದೆ, ಕೂಡುವುದಿಲ್ಲ. ಅದನ್ನು ತಿಳಿಯಲು ಅವರಿಗೆ ಕಣ್ಣು ಬೇಕಿಲ್ಲ.